ನ್ಯಾಯದ ಕಂಬಳಿ

ಕಂತು ಏಳು

ಅರಗು ಫಟ್ಟೆಂದು ಒಡೆಯಿತು.

ಸಣ್ಣ ಸದ್ದೇ. ಆದರೂ ಚೌಗಲಾ ವಾಡೆಯ ಪಡಸಾಲೆಯಲ್ಲಿ ಕಾಗದದ ಮಾಲೆ ಕಟ್ಟುತ್ತಿದ್ದವರೆಲ್ಲ ಕೈ ನಿಲ್ಲಿಸಿ ತಿರುಗಿದರು. ಏಣಿಯ ಮೇಲಿದ್ದವನ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆ ಕೆಳಗೆ ಬಿತ್ತು.

"ಮೇಡಮ್ಮರ, ಇದು ಬರೋಬ್ಬರಿ ಅಲ್ರಿ," ಎಂದ ಶತಮಾನೋತ್ಸವ ಸಮಿತಿಯ ಕಾರ್ಯದರ್ಶಿ ಧನ್ಯಕುಮಾರ. "ನಾಳಿ ಮುಂಜಾನಿ ಹತ್ತಕ್ಕ ಮಂತ್ರಿಗಳು ಬರಾವ್ರು. ಇದ ಪೆಟ್ಟಿಗಿ ಮುಂದ ದೀಪಾ ಹಚ್ಚಾವ್ರು."

"ಒಳಗಿರೂದು ಖೊಟ್ಟಿ ಕಂಬಳಿ ಅಂತ ಕಂಪ್ಲೇಂಟ್ ಕೊಟ್ಟಾವ್ರು ನೀವ. ಖೊಟ್ಟಿ ಮಾಲಿನ ಮುಂದ ಮಂತ್ರಿ ಕಡೆ ದೀಪಾ ಹಚ್ಚಸ್ತೀರೇನ್ರಿ?"

"ಗಾಜಿನ ಹೊರಗ ನಿಂತ ನೋಡಾವ್ರಿಗೆ ಕರಿ ಕಂಬಳಿ ಎಲ್ಲಾ ಒಂದರಿ. ಯಾರಿಗೆ ತಿಳೀತೈತಿ?"

ಸಬ್‌ಇನ್ಸ್‌ಪೆಕ್ಟರ್ ದೀಪಾಲಿ ಉಪಾಧ್ಯೆ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಉತ್ತರ ಕೊಟ್ಟು ಕೊಟ್ಟು ಸಾಕಾಗಿತ್ತು. ಈ ಬೆರಳಗಲದ ಅರಗು ಒಡೆಯಲು ಅವಳಿಗೆ ಮೂರು ದಿನ ಹಿಡಿದಿತ್ತು. ಗುರುವಾರ ಕೇಳಿದಾಗ ಬರೆದು ಕೊಡಿ ಎಂದರು. ಬರೆದು ಕೊಟ್ಟರೆ ಶಿಕ್ಕಾ ಇಲ್ಲ ಎಂದರು. ಶಿಕ್ಕಾ ಒತ್ತಿಸಿಕೊಂಡು ಬಂದರೆ ಅಧ್ಯಕ್ಷರು ಬಸದಿಯಲ್ಲಿದ್ದಾರೆ ಎಂದರು. ಪ್ರತಿ ಸಲವೂ ಕೈಗೊಂದು ಪೇಢೆ ಇಟ್ಟು, ಎದೆಗೆ 'ಮಾಳಪೇಟೆ ೧೦೦' ಎಂಬ ಬಿಲ್ಲೆ ಚುಚ್ಚಲು ಬಂದರು. ಅವಳ ಟೇಬಲ್ಲಿನ ಡ್ರಾಯರಿನಲ್ಲಿ ಈಗ ಆರು ಬಿಲ್ಲೆಗಳಿದ್ದವು.

ಹುಕ್ಕೇರಿಯಿಂದ ಘಟಪ್ರಭೆಗೆ ಹೋಗುವ ದಾರಿಯ ಈ ಪೇಟೆಗೆ ನಾಳೆಗೆ ಸರಿಯಾಗಿ ನೂರು ವರ್ಷ. ಕುರಿಗಾರರ ಹಿರಿಯ ಮಾಲಿಂಗಪ್ಪನೂ ಚೌಗಲಾ ಮನೆತನದ ವ್ಯಾಪಾರಿಯೂ ಒಂದೇ ಕಂಬಳಿಯ ಮೇಲೆ ಕೂತು ಪೇಟೆ ಕಟ್ಟುವ ಮಾತಾಡಿದ್ದರು. ಮುಂದೆ ಪೇಟೆಯ ಜಗಳಗಳೆಲ್ಲ ಅದರ ಮೇಲೆಯೇ ಬಗೆಹರಿದವು. ಅದರ ಮೇಲೆ ಕೂತವರು ಸುಳ್ಳಾಡುವಂತಿಲ್ಲ. ಆಡಿದವನಿಗೆ ಕುರಿಗಾರರ ಯಾವ ಮನೆಯಲ್ಲೂ ನೀರು ಹುಟ್ಟುತ್ತಿರಲಿಲ್ಲ.

ಮಾಲಿಂಗಪ್ಪನ ಮರಿಮಗ ಕರೆಪ್ಪ ಆ ಕಂಬಳಿಯನ್ನು ಪ್ರದರ್ಶನಕ್ಕೆ ಕೊಟ್ಟಿದ್ದ. ಸೋಮವಾರ ಅದು ಗಾಜಿನ ಪೆಟ್ಟಿಗೆ ಸೇರಿ ಮೊಹರಾಯಿತು. ಗುರುವಾರ ಗಾಜಿನಾಚೆಯಿಂದ ನೋಡಿದ ಕರೆಪ್ಪನೇ 'ಸುಟ್ಟ ಕಲೆ ಕಾಣವಲ್ದು, ಇದು ನಮ್ಮದಲ್ಲ' ಎಂದು ಕೂಗಿದ. ಮೊಹರು ಹಾಗೇ ಇದೆ, ಖೊಟ್ಟಿ ಕೊಟ್ಟವನು ನೀನೇ, ಹಳೆಯದನ್ನು ಕೊಲ್ಹಾಪುರಕ್ಕೆ ಮಾರಿಕೊಂಡಿದ್ದೀಯ ಎಂದು ಸಮಿತಿ ಅವನ ಮೇಲೆಯೇ ದೂರು ಕೊಟ್ಟಿತು. ಅಂದಿನಿಂದ ಅವನು ಠಾಣೆಯ ಕೋಣೆಯಲ್ಲಿದ್ದಾನೆ. ಕಾಗದದ ಮೇಲೆ ಮಾತ್ರ 'ವಿಚಾರಣೆಗೆ ಕರೆಸಲಾಗಿದೆ'.

ಕಳೆದದ್ದು ಬರೀ ಉಣ್ಣೆಯಾಗಿದ್ದರೆ ದೀಪಾಲಿಗೆ ಇಷ್ಟು ಉರಿಯುತ್ತಿರಲಿಲ್ಲ. ಕಂಬಳಿಯ ಒಂದು ಮೂಲೆಯಲ್ಲಿ ಅಂಗೈಯಷ್ಟು ಚೀಲ ಹೊಲಿದಿತ್ತು. ಪೇಟೆಯ ಮೂಡಣ ದಿಕ್ಕಿನ ಐದೆಕರೆ ಮಾಳ ಎಂದೆಂದಿಗೂ ಕುರಿ ಸಂತೆಗೇ ಬಿಟ್ಟದ್ದು ಎಂಬ ಬರಹ, ಚೌಗಲಾ ಹಿರಿಯನ ಸಹಿಯೊಂದಿಗೆ ಅದರೊಳಗಿದೆ ಎಂದು ಕರೆಪ್ಪನ ಮನೆಯವರ ಮಾತು. ನಾಳೆ ಅದೇ ಐದೆಕರೆಯಲ್ಲಿ ಶತಮಾನೋತ್ಸವ ಭವನಕ್ಕೆ ಅಡಿಗಲ್ಲು. ಕೆಳಗೆ ನಲವತ್ತು ಅಂಗಡಿ, ಮೇಲೆ ಮದುವೆ ಹಾಲ್. ಬರಹ ಸಿಗದಿದ್ದರೆ ಮಾಳ ಹೋಯಿತು. ಕಂಬಳಿ ಸಿಗದಿದ್ದರೆ ಕರೆಪ್ಪ ಹುಕ್ಕೇರಿ ಕೋರ್ಟಿಗೆ ಹೋದ.

"ಉಪಾಧ್ಯೆ, ನಾಳಿ ಮುಂಜಾನಿ ಎಂಟರೊಳಗ ಅವನ ಮ್ಯಾಲ ಕೇಸ್ ಹಾಕಿ ಕಳಸಿಬಿಡು," ಎಂದು ಸರ್ಕಲ್ ಸಾಹೇಬರು ಮಧ್ಯಾಹ್ನವಷ್ಟೇ ಫೋನಿನಲ್ಲಿ ಹೇಳಿದ್ದರು. "ಮಂತ್ರಿ ಬಂದಾಗ ಪ್ಯಾಟ್ಯಾಗ ಕಂಬಳಿ ಮಾತ ಯಾರ ಬಾಯಾಗೂ ಇರಬಾರದು."

ಅಜ್ಜಿಯ ಕತೆಗಳಲ್ಲಿ ರಾಜ ಕೊಡುವ ಗಡುವೂ ಹೀಗೆಯೇ ಇರುತ್ತಿತ್ತು. ಆದರೆ ಅಲ್ಲಿ ದಾರಿಯಲ್ಲೊಂದು ಮಾತಾಡುವ ಗಿಣಿ ಸಿಗುತ್ತಿತ್ತು. ಇಲ್ಲಿ ಸಿಕ್ಕಿದ್ದು ಹವಾಲ್ದಾರ ಸಾತಪ್ಪ.

"ಬಾಯಾರ, ನೀರ ತಂದೇನ್ರಿ," ಎಂದು ಅವನು ತಂಬಿಗೆ ಮುಂದೆ ಹಿಡಿದ.

ಬೆಳಿಗ್ಗೆ ಕರೆಪ್ಪ ಕೋಣೆಯ ಸರಳಿನಾಚೆಯಿಂದ ಹೇಳಿಕೊಟ್ಟ ಪರೀಕ್ಷೆ ಅದು. "ಹೊಸಾ ಕಂಬಳಿಗೆ ಹುಣಸಿಬೀಜದ ಗಂಜಿ ಬಳೀತೇವ್ರಿ, ಬಿರುಸ ಆಗಾಕ. ತೋಯ್ಸಿ ತಿಕ್ಕಿದ್ರ ಬೆರಳಿಗೆ ಅಂಟ ಬರತೈತಿ. ನಮ್ಮ ಹಿರೇರ ಕಂಬಳಿ ನೂರ ಮಳಿ ಕುಡದೈತಿ. ಅದರಾಗ ಅಂಟ ಎಲ್ಲೀದು ಬಾಯಾರ?"

ಅಷ್ಟು ಸರಾಗವಾಗಿ ಮಾತಾಡಿದವನು, ಚೀಲದೊಳಗಿನ ಬರಹವನ್ನು ನೀನು ಕಣ್ಣಾರೆ ನೋಡಿದ್ದೀಯಾ ಎಂದು ಕೇಳಿದೊಡನೆ ನೆಲ ನೋಡಿದ್ದ. "ಅದು ಹಿರೇರ ವಿಷಯರಿ," ಎಂದಷ್ಟೇ ಅಂದ.

ಅವನ ತಾಯಿ ಮಾಯವ್ವ ಗುರುವಾರದಿಂದ ಠಾಣೆಯ ಬಾಗಿಲಲ್ಲೇ ಬೀಡುಬಿಟ್ಟಿದ್ದಳು. ಹಾಸಿಕೊಂಡು ಕೂರುವಳು, ತಕಲಿಯಲ್ಲಿ ಉಣ್ಣೆ ನೂಲುವಳು, ಹೊತ್ತಿಗೆ ಸರಿಯಾಗಿ ಮಗನಿಗೆ ರೊಟ್ಟಿ ಒಳಗೆ ಕಳಿಸುವಳು. ಆ ಬೆಳಿಗ್ಗೆಯೂ ಸಾತಪ್ಪ ಅವಳನ್ನು ಎಡವಿ ಅರ್ಧ ಕಪ್ಪು ಚಹಾ ಚೆಲ್ಲಿಕೊಂಡಿದ್ದ.

"ಏಳವ್ವಾ, ಇದೇನ ನಿಮ್ಮ ಹಟ್ಟಿ ಏನ?"

"ಮಗಾ ಎದ್ದ ಬಂದ್ರ ನಾನೂ ಏಳ್ತೇನಿ. ನಿನ್ನ ಕಣ್ಣ ಹಣಿ ಮ್ಯಾಲ ಅದಾವಂದ್ರ ನಾ ಏನ ಮಾಡ್ಲಿ?" ಎನ್ನುತ್ತ ಅವಳು ಚಹಾವನ್ನು ಸೆರಗಿನಿಂದ ಒತ್ತಿ ಒರೆಸಿದ್ದಳು.

ದೀಪಾಲಿ ಪೆಟ್ಟಿಗೆಯ ಕಂಬಳಿಯ ಅಂಚನ್ನು ತೋಯಿಸಿ ಹೆಬ್ಬೆರಳಿನಿಂದ ತಿಕ್ಕಿದಳು. ಒಂದು ಸಲ, ಎರಡು ಸಲ. ಬೆರಳು ಬಿಡಿಸಿದರೆ ಎಳೆ ಎಳೆಯಾಗಿ ಅಂಟು.

ಹೊಸದು. ಸಂಶಯವೇ ಇಲ್ಲ.

"ಮತ್ತ ನಾವ ಹೇಳಿದ್ದೇನ್ರಿ?" ಧನ್ಯಕುಮಾರ ಕೈ ಚಾಚಿ ಸುತ್ತಲಿನವರನ್ನೆಲ್ಲ ಸಾಕ್ಷಿಗೆ ಕರೆದ. "ಹೊಸಾದ ಕೊಟ್ಟಾನ ಅಂತನ ಬರದ ಕೊಟ್ಟೇವಿ. ಮೊಹರ ಹಂಗ ಐತಿ. ಬದಲ ಆಗಾಕ ದೆವ್ವ ಬಂದಿತ್ತೇನ?"

ಯಾರೋ ನಕ್ಕರು. ಹೊರಗೆ ಧ್ವನಿವರ್ಧಕ ನೂರನೆಯ ಸಲ 'ಹಲೋ, ಮೈಕ್ ಚೆಕ್' ಎಂದಿತು. ದೀಪಾಲಿಗೆ ಕೈಯಲ್ಲಿದ್ದ ತಂಬಿಗೆಯನ್ನು ಆ ಧ್ವನಿಗೇ ಎಸೆಯಬೇಕೆನಿಸಿತು. ಮೂರು ದಿನ ಹೆಣಗಾಡಿ ಅವಳು ಸಾಬೀತು ಮಾಡಿದ್ದು ಎದುರಿನವರ ಮಾತನ್ನೇ! ನಿನ್ನೆಯಿಡೀ ಬಸ್ಸಿನಲ್ಲಿ ಕುಲುಕಾಡಿ ಮೂಡಲಗಿಯ ಕಂಬಳಿ ವ್ಯಾಪಾರಿ ಖಂಡೆಪ್ಪನ ತನಕ ಹೋಗಿ ಬಂದಿದ್ದಳು. ಅವನು ಗಡ್ಡ ಕೆರೆದುಕೊಂಡು, "ಕರಿ ಕಂಬಳಿಗೆ ಗುರುತ ಏನ ಹೇಳ್ಲಿ ಬಾಯಾರ? ಕತ್ತಲಿಗೆ ಗುರುತ ಕೇಳಿದಂಗ ಆತು," ಎಂದು ಚಹಾ ಕುಡಿಸಿ ಕಳಿಸಿದ್ದ.

ಪೆಟ್ಟಿಗೆಯ ಬಾಜೂಕೆ ಗೋಕಾಕದ ಮುದ್ರಣಾಲಯದಿಂದ ಬಂದ ಸ್ಮರಣ ಸಂಚಿಕೆಯ ಕಟ್ಟುಗಳಿದ್ದವು. ಸಿಟ್ಟು ಇಳಿಸಿಕೊಳ್ಳಲೆಂದು ಒಂದನ್ನು ತೆರೆದಳು. ಮೊದಲ ಪುಟದಲ್ಲಿ ಚೌಗಲಾ ಹಿರಿಯರ ಪಟ. 'ಬರಡು ಮಾಳವನ್ನು ಕೊಂಡು ಪೇಟೆ ಕಟ್ಟಿದ ಮಹನೀಯರು.' ಟಾವರು, ಎಸ್‌ಟಿಡಿ ಬೂತುಗಳು, ಹೊಸ ಬಡಾವಣೆಗಳು, ಎಲ್ಲ ಬಣ್ಣದಲ್ಲಿ. ಕುರಿಗಾರರು ಸಿಕ್ಕಿದ್ದು ನಲವತ್ತೊಂದನೆಯ ಪುಟದಲ್ಲಿ, ಡೊಳ್ಳು ಹೊತ್ತು, ಕಪ್ಪು ಬಿಳುಪಿನಲ್ಲಿ. ಕೆಳಗೆ ಬರೆದಿತ್ತು: 'ನಮ್ಮ ಜಾನಪದ.'

ಅವಳು ಸಂಚಿಕೆ ಮುಚ್ಚಿ ಕಂಬಳಿಯನ್ನು ಪೂರ್ತಿ ಹೊರಗೆತ್ತಿದಳು.

ಪೆಟ್ಟಿಗೆ ಹೊಸದು. ಸೋಮವಾರ ಬೆಳಿಗ್ಗೆಯಷ್ಟೇ ಬಡಿಗ ಮಾಡಿಕೊಟ್ಟದ್ದು. ತಳದ ಎರಡು ಹಲಗೆಗಳ ಸಂದಿನಲ್ಲಿ ಏನೋ ಕಪ್ಪಗೆ ಸಿಕ್ಕಿಕೊಂಡಿತ್ತು. ತಲೆಯ ಪಿನ್ನು ತೆಗೆದು ಕೆದಕಿದಳು. ಉಣ್ಣೆಯ ಜುಂಗು. ಅದರೊಳಗೆ ಜೋಳದ ಹೊಟ್ಟಿನಂಥ ಸಣ್ಣ ಸಣ್ಣ ಸಿಪ್ಪೆ. ಒಂದು ಸಿಪ್ಪೆ ಮೆಲ್ಲಗೆ ತೆವಳಿತು.

"ಸಾತಪ್ಪ, ಇದೇನ್ರಿ?"

ಸಾತಪ್ಪ ಕನ್ನಡಕ ಏರಿಸಿದ. "ನುಸಿಹುಳರಿ. ಹಳೇ ಕಂಬಳ್ಯಾಗ ಇರ್ತಾವ."

"ಹೊಸಾದರಾಗ?"

"ಹುಣಸಿ ಗಂಜಿ ಬಿರುಸ ಹೋಗೂತನಕ ಹತ್ತೂದಿಲ್ರಿ. ವರ್ಷ ಎರಡ ವರ್ಷ ಬೇಕ."

ಹೊಸ ಕಂಬಳಿಯನ್ನು ಬೆಳಕಿಗೆ ಹಿಡಿದಳು. ಸೂಜಿ ಮೊನೆಯಷ್ಟು ತೂತೂ ಇಲ್ಲ.

ಹಾಗಾದರೆ ಈ ಹೊಸ ಪೆಟ್ಟಿಗೆಯಲ್ಲಿ ಹಳೆಯ ಕಂಬಳಿ ಇತ್ತು. ಕರೆಪ್ಪ ಕೊಟ್ಟದ್ದು ಖರೆ ಕಂಬಳಿಯೇ. ಯಾರೋ ಆಮೇಲೆ ಪೆಟ್ಟಿಗೆ ತೆರೆದಿದ್ದಾರೆ.

ಅವಳು ಒಡೆದ ಅರಗಿನ ಚೂರುಗಳನ್ನು ಬೆರಳಿನಿಂದ ಸರಿಸಿದಳು. ಅದು ಕೂತಿದ್ದ ಜಾಗದಿಂದ ಅರ್ಧ ಬೆರಳು ಆಚೆ, ಮರದ ಮೇಲೆ ಇನ್ನೊಂದು ಕೆಂಪು ಕಲೆ. ಉಗುರಿನಿಂದ ಕೆರೆದು ತೆಗೆದ ಹಳೆಯ ಅರಗು. ಎರಡು ಸಲ ಮೊಹರಾಗಿತ್ತು. ಚೂರುಗಳ ಮೇಲಿದ್ದ ಗುರುತು ಮಾತ್ರ ಊರಿಗೆಲ್ಲ ಗೊತ್ತಿದ್ದದ್ದು: ವಾಡೆಯ ಯಜಮಾನ, ಸಮಿತಿಯ ಅಧ್ಯಕ್ಷ, ಧರಣೇಂದ್ರ ಚೌಗಲಾ ಅವರ ಉಂಗುರ. ಸ್ನಾನಕ್ಕೂ ತೆಗೆಯದ ಉಂಗುರ.

ಇನ್ನೊಂದು ವಿಷಯ ಮೂಗಿಗೆ ಹೊಳೆಯಿತು. ಪಡಸಾಲೆಯ ಉಳಿದ ಪೆಟ್ಟಿಗೆಗಳೆಲ್ಲ, ತಕ್ಕಡಿ, ತಾಮ್ರದ ಕೊಡ, ಹಳೆಯ ಪಟಗಳಿದ್ದವೆಲ್ಲ, ನುಸಿ ತಡೆಯುವ ಡಾಂಬರ ಗುಳಿಗೆಯಿಂದ ಘಮ್ಮೆನ್ನುತ್ತಿದ್ದವು. ಹುಳ ಬೀಳುವ ಭಯವಿದ್ದ ಈ ಒಂದರಲ್ಲಿ ಮಾತ್ರ ಒಂದು ಗುಳಿಗೆಯೂ ಇಲ್ಲ.

"ಅಣ್ಣಾವ್ರು ಬ್ಯಾಡ ಅಂದ್ರು," ಎಂದ ಧನ್ಯಕುಮಾರ. ಅಧ್ಯಕ್ಷರ ಮಾತು ಬಂದೊಡನೆ ಅವನ ದನಿ ಇಳಿದಿತ್ತು. "ಮೇಡಮ್ಮರ, ಅಣ್ಣಾವ್ರು ದೇವರಂಥಾ ಮನಷ್ಯಾರಿ."

"ಎಲ್ಲಿ ಅದಾರ?"

"ಮ್ಯಾಲ. ಊಟಕ್ಕ ಕುಂತಾರ. ಪರ್ವದ ಹತ್ತ ದಿನ ಒಂದ ಊಟರಿ. ಈಗ ಹೋಗಬ್ಯಾಡ್ರಿ."

ಅವಳಾಗಲೇ ಮೆಟ್ಟಿಲು ಹತ್ತುತ್ತಿದ್ದಳು. ಹಿಂದೆ ಸಾತಪ್ಪನ ಗೊಣಗು ಕೇಳಿಸಿತು. "ಬಾಯಾರ, ನಿಮಗ ಬದಲಿ ಯಾವ ಊರಿಗೆ ಬೇಕಂತ ಈಗನ ಹೇಳಿಬಿಡ್ರಿ. ನನ್ನೂ ಅಲ್ಲೇ ಹಾಕಸ್ಕೋತೇನಿ."

* * *

ಮೇಲಿನ ಕೋಣೆಯ ಪಡುವಣ ಕಿಟಕಿಯಿಂದ ಬಿಸಿಲು ಓರೆಯಾಗಿ ಒಳಗೆ ಬಿದ್ದಿತ್ತು. ಧರಣೇಂದ್ರ ಚೌಗಲಾ ಮಣೆಯ ಮೇಲೆ ಕೂತಿದ್ದರು. ತೆಳ್ಳಗಿನ ಮೈ, ಎಪ್ಪತ್ತೆರಡರ ವಯಸ್ಸು. ತಾಟಿನಲ್ಲಿ ಅನ್ನ, ಹೆಸರುಬೇಳೆ, ಒಂದು ಜೋಳದ ಭಕ್ಕರಿ. ಇನ್ನೂ ಕೈ ಹಚ್ಚಿರಲಿಲ್ಲ.

"ಬಾ ದೀಪಾಲಿ, ಬಾ," ಎಂದರು ಅವರ ಹೆಂಡತಿ ರಾಜಮತಿ. "ಹೊತ್ತ ಮುಳಗಾಕ ಇನ್ನ ಅರ್ಧಾ ತಾಸ ಐತಿ. ನೀನೂ ಎರಡ ತುತ್ತ ತಿನ್ನು. ಪೊಲೀಸ ಆದ್ರೇನ, ಉಪಾಧ್ಯೇರ ಮಗಳಲ್ಲ? ಪರ್ವ ಬಿಟ್ಟಿಲ್ಲ ಹೌದಿಲ್ಲ?"

"ಬ್ಯಾಡ ಕಾಕು. ಕಾಕಾಗ ನಾಕ ಮಾತ ಕೇಳೂದೈತಿ."

"ಊಟಾ ಆಗಲಿ," ಎಂದರು ಧರಣೇಂದ್ರ.

ಆಗಲಿ ಎಂದರೆ ಹೊತ್ತು ಮುಳುಗುತ್ತದೆ. ಆಮೇಲೆ ಸಾಮಾಯಿಕದ ಧ್ಯಾನ, ಆಮೇಲೆ ಮೌನ. ನಾಳೆ ಬೆಳಿಗ್ಗೆ ಎಂಟಕ್ಕೆ ಜೀಪು. ಅವರಿಗೆ ಅದು ಗೊತ್ತಿತ್ತು. ಅದು ಗೊತ್ತೆಂದು ಇವಳಿಗೂ ಗೊತ್ತಿತ್ತು. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ಹಿರಿಯರೊಬ್ಬರ ಊಟ ತಡೆದು ನಿಲ್ಲುವುದು ಅವಳ ಮೈಗೆ ಬಂದದ್ದಲ್ಲ. ಕಣ್ಣು ತಪ್ಪಿಸಲೆಂದು ಮಾಳಿಗೆಗೆ ತೆರೆದಿದ್ದ ಬಾಗಿಲಾಚೆ ನೋಡಿದಳು.

ಗೋಡೆಯ ನೆರಳಿನಲ್ಲಿ ಒಂದು ಮೊರ. ಅದರ ಮೇಲೆ ಮಗುಚಿ ಹಾಕಿದ ಬುಟ್ಟಿ. ಪಕ್ಕದಲ್ಲಿ ಮೆತ್ತನೆಯ ಅರಿವೆಯ ತುಂಡು.

ಅವಳ ಕಾಲು ತಾನಾಗಿ ಅತ್ತ ನಡೆಯಿತು. ಬುಟ್ಟಿ ಎತ್ತಿದಳು. ಮೊರದಲ್ಲಿ ಒಂದು ಹಿಡಿ ಕಪ್ಪು ಉಣ್ಣೆ, ಅದರ ಮೇಲೆ ನೀರು ಚಿಮುಕಿಸಿದ ಗುರುತು. ಉಣ್ಣೆಯ ತುಂಬ ನುಸಿಹುಳ.

ಸಂಕೇಶ್ವರದ ಮನೆಯ ಹಿತ್ತಿಲು ಕಣ್ಣಿಗೆ ಕಟ್ಟಿತು. ಜೋಳ ಹಸನು ಮಾಡಿದ ಮೇಲೆ ಅಜ್ಜಿ ಹುಳಗಳನ್ನು ಬೀದಿಗೆ ಚೆಲ್ಲುತ್ತಿರಲಿಲ್ಲ. ಬೇವಿನ ನೆರಳಿಗೆ ಒಯ್ದು, ಒಂದು ಹಿಡಿ ಜೋಳವನ್ನೂ ಜೊತೆಗಿಟ್ಟು, ಹಕ್ಕಿ ಬರದಂತೆ ಬುಟ್ಟಿ ಮುಚ್ಚುತ್ತಿದ್ದಳು. 'ಅವುಕ್ಕೂ ಹಾದಿಬುತ್ತಿ ಬೇಕಲ್ಲವ್ವಾ' ಎನ್ನುವಳು. ಆಮೇಲೆ ಆ ಹುಳಗಳು ಎಲ್ಲಿಗೆ ಹೋಗುತ್ತವೆಂಬುದು ಒಂದು ಮಧ್ಯಾಹ್ನದುದ್ದದ ಕತೆ.

ದೀಪಾಲಿ ಒಳಗೆ ಬಂದು ಮಣೆಯ ಎದುರಿಗೆ ನೆಲದ ಮೇಲೆ ಕೂತಳು.

"ಕಾಕಾ, ಕಂಬಳಿ ಪೆಟ್ಟಿಗಿಗೆ ಡಾಂಬರ ಗುಳಿಗಿ ಯಾಕ ಬ್ಯಾಡ ಅಂದ್ರಿ?"

"ಜೀವ ಸಾಯತಾವ."

"ಯಾವ ಜೀವ?"

"ಕಂಬಳಿ ಅಂದ ಮ್ಯಾಲ ನುಸಿ ಇರ್ತಾವ. ಪರ್ವದಾಗ ನನ್ನ ಕೈಲೆ ಅವನ್ನ ಕೊಲ್ಲಸ್ತೀಯೇನ?"

"ಕರೆಪ್ಪ ಕೊಟ್ಟದ್ದು ಹೊಸಾ ಕಂಬಳಿ ಅಂತ ಕಂಪ್ಲೇಂಟಿಗೆ ಸಹಿ ಮಾಡೀರಿ. ಹೊಸಾದರಾಗ ನುಸಿ ಎಲ್ಲಿಂದ ಬಂದವು ಕಾಕಾ?"

ತುತ್ತು ಕಲಸುತ್ತಿದ್ದ ಕೈ ನಿಂತಿತು.

ಕಿಟಕಿಯ ಬಿಸಿಲು ತಾಟಿನ ಅಂಚಿನಿಂದ ಒಂದು ಗೇಣು ಮುಂದೆ ಸರಿದಿತ್ತು. ಕೆಳಗೆ ಯಾರೋ 'ಮಾಳಪೇಟೆಗೆ ಜಯವಾಗಲಿ' ಎಂದು ಮೈಕಿನಲ್ಲಿ ಕೂಗಿ ನೋಡಿದರು.

"ಹೇಳಿಬಿಡ್ರಿ," ಎಂದರು ರಾಜಮತಿ. ಮಾತು ಮೆಲ್ಲಗಿತ್ತು, ಕಣ್ಣು ಮೆಲ್ಲಗಿರಲಿಲ್ಲ. "ಹುಳದ ಸಲುವಾಗಿ ಸೋಮವಾರ ರಾತ್ರಿಯೆಲ್ಲಾ ನಿದ್ದಿಗೆಟ್ರಿ. ಕರೆಪ್ಪ ಎರಡ ರಾತ್ರಿ ಕೋಣ್ಯಾಗ ಬಿದ್ದಾನ, ಅದಕ್ಕ ಮಾತ್ರ ಗೊರಕಿ ಹೊಡದ್ರಿ."

"ನೀ ಸುಮ್ಮನಿರು."

"ಸುಮ್ಮನಿದ್ದ ಸಾಕಾಗೇತಿ."

ಧರಣೇಂದ್ರರು ಕೈ ತೊಳೆದುಕೊಳ್ಳಲಿಲ್ಲ. ಅನ್ನದ ಕೈಯನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡರು.

"ಪರ್ವದ ಮೊದಲನೇ ದಿನ ಮೊಹರ ಒತ್ತಿದೆ," ಎಂದರು. "ರಾತ್ರಿ ಹಾಸಿಗ್ಯಾಗ ನೆನಪಾತು. ಗಾಜ, ಅರಗು. ಉಸರ ಹೋಗಾಕ ಹಾದಿ ಇಲ್ಲ. ನನ್ನ ಕೈಲೆ ನಾನ ಮುಚ್ಚೇನಿ. ಮಂಗಳವಾರ ಮುಂಜಾನಿ ಯಾರೂ ಬರೂ ಮೊದಲ ಒಡದು ತಗದೆ. ಮಾಳಿಗಿ ಮ್ಯಾಲ ಹಾಸಿ ಒಂದೊಂದ ಅರಿವಿಲೆ ಸರಿಸಿ ಮೊರಕ್ಕ ಬಿಟ್ಟೆ. ಮತ್ತ ಪೆಟ್ಟಿಗ್ಯಾಗ ಇಟ್ಟು ಮೊಹರ ಒತ್ತಿದೆ. ಅಷ್ಟ."

"ಗುರುವಾರ ಅದನ್ನ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಪಂಚರ ಮುಂದ ಒತ್ತಿದ ಮೊಹರಾ ಹುಳದ ಸಲುವಾಗಿ ಒಡದೆ ಅಂತ? ಊರಿಗೂರ ನಗತಿತ್ತು. ನೂರ ವರ್ಷದ ಪುಸ್ತಕದಾಗ ಮೊದಲನೇ ಪುಟಕ್ಕ ನನ್ನ ಅಜ್ಜ ಅದಾನ. ಅವನ ಮೊಮ್ಮಗಾ ಮೊಹರ ಕಾಯಲಿಲ್ಲ ಅಂತ ಕಡೀ ಪುಟಾ ಬರೀತಿದ್ರು."

ಅವರು ತಲೆ ಎತ್ತಿದರು. "ಕರೆಪ್ಪ ಒದರಿದಾಗ ನನಗೂ ತಿಳೀತು, ಬದಲ ಆಗೇತಿ ಅಂತ. ಹ್ಯಾಂಗ ಆತು ಅನ್ನೂದು ಖರೇನ ತಿಳೀಲಿಲ್ಲವ್ವಾ."

ದೀಪಾಲಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಮೂಡಲಗಿಯ ಬಸ್ಸು, ಶಿಕ್ಕಾದ ಅಲೆದಾಟ, ಸರಳಿನಾಚೆ ಕೂತ ಮನುಷ್ಯ, ಎಲ್ಲಕ್ಕೂ ಬೀಗದಕೈ ಈ ಮುದುಕರ ಸಂಕೋಚದೊಳಗೆ ಮಡಚಿಕೊಂಡು ಕೂತಿತ್ತು.

"ಮಾಳಿಗಿ ಮ್ಯಾಲ ಎಷ್ಟ ಹೊತ್ತ ಇತ್ತು?"

"ಒಂದ ತಾಸ. ನಾ ಕಣ್ಣ ತಗೀಲಿಲ್ಲ."

"ಪೂರಾ?"

"ಆಮ್ಯಾಲ ಸ್ನಾನಾ ಮಾಡಿ ಬಸದಿಗೆ ಮಡಿ ಉಟ್ಟೆ. ಮಡ್ಯಾಗ ಕಂಬಳಿ ಮುಟ್ಟಾಂಗಿಲ್ಲ. ಮಡಚಿ ಪೆಟ್ಟಿಗ್ಯಾಗ ಇಟ್ಟಾವ್ರು ಬ್ಯಾರೆ. ನಾ ಮ್ಯಾಲ ಬರೇ ಅರಗು ಕಾಸಿ ಒತ್ತಿದೆ."

"ಯಾರು?"

ಬಿಸಿಲು ಗೋಡೆ ಹತ್ತಿತ್ತು. ಧರಣೇಂದ್ರರು ಅದನ್ನೊಮ್ಮೆ ನೋಡಿದರು, ತಾಟನ್ನೊಮ್ಮೆ ನೋಡಿದರು. ಆಮೇಲೆ ತಾಟನ್ನು ಎರಡೂ ಕೈಯಿಂದ ದೂರ ನೂಕಿದರು.

"ತಗಿ ಇದನ್ನ. ಇವತ್ತ ಉಪಾಸ," ಎಂದರು ಹೆಂಡತಿಗೆ. ದೀಪಾಲಿಯ ಕಡೆ ತಿರುಗಿ ಹೇಳಿದರು: "ಆಕಿ ಮ್ಯಾಲ ಸಂಶೆ ಹ್ಯಾಂಗ ಬರಬೇಕವ್ವಾ? ಆಕಿ ಮನಿ ಕಂಬಳಿ ಅದು. ವರ್ಷಾ ಬರತಾಳ, ಮಾರೂ ಕಂಬಳಿ ಹೆಗಲ ಮ್ಯಾಲ ಹೊತಗೊಂಡು. ಅವತ್ತೂ ಬಂದಿದ್ಲು. ಮಡಚಿಡು ಅಂದೆ, ಮಡಚಿಟ್ಲು. ಕರೆಪ್ಪನ ಅವ್ವ. ಮಾಯವ್ವ."

* * *

ವಾಡೆಯಿಂದ ಠಾಣೆಗೆ ಐದು ನಿಮಿಷದ ದಾರಿ. ಕಮಾನುಗಳು, ಬಣ್ಣದ ಪತಾಕೆಗಳು, ಗಣಪತಿ ಮಂಟಪಗಳು. ಇಬ್ಬರು ದಾರಿ ತಡೆದು ಪೇಢೆ ಕೊಟ್ಟರು. ದೀಪಾಲಿ ತೆಗೆದುಕೊಂಡಳೋ ಬಿಟ್ಟಳೋ ಅವಳಿಗೇ ನೆನಪಿಲ್ಲ.

ಮಾಯವ್ವನ ಹೆಗಲ ಮೇಲೆ ಹೊಸ ಕಂಬಳಿಗಳು. ಎದುರಿಗೆ ಹಳೆಯದು. ನೋಡುವವರು ಯಾರೂ ಇಲ್ಲ. ಬದಲಾಯಿಸಲು ಎಷ್ಟು ಹೊತ್ತು ಬೇಕು? ಆದರೆ ಅದನ್ನು ಎಲ್ಲಿ ಇಟ್ಟಳು? ಕರೆಪ್ಪನ ಮನೆಯನ್ನು ಗುರುವಾರವೇ ಶೋಧಿಸಿದ್ದರು. ಹಟ್ಟಿ, ಹಗೇವು, ಕೊಟ್ಟಿಗೆ, ಒಲೆಯ ಬೂದಿಯನ್ನೂ ಬಿಟ್ಟಿರಲಿಲ್ಲ.

ಠಾಣೆಯ ಬಾಗಿಲು ಬಂತು. ಎಂದಿನಂತೆ ಅವಳ ಕಾಲು ಮುದುಕಿಯನ್ನು ದಾಟಲು ಎದ್ದಿತು.

ಎದ್ದ ಕಾಲು ಹಾಗೇ ನಿಂತಿತು.

ದೀಪಾಲಿ ಕೆಳಗೆ ನೋಡಿದಳು. ಆಮೇಲೆ ಮೊಣಕಾಲೂರಿ ಕೂತು, ಮಾಯವ್ವನ ಪಕ್ಕದ ತಂಬಿಗೆಯಲ್ಲಿ ಬೆರಳದ್ದಿ, ಅವಳು ಹಾಸಿಕೊಂಡಿದ್ದ ಕಂಬಳಿಯ ಅಂಚನ್ನು ತಿಕ್ಕಿದಳು. ಜೋರಾಗಿ, ಬೆರಳು ಬಿಸಿಯಾಗುವ ತನಕ.

ಅಂಟಿಲ್ಲ. ಎಳೆಯಿಲ್ಲ. ನೂರು ಮಳೆ ಕುಡಿದ ಉಣ್ಣೆ, ಬೆಕ್ಕಿನ ಕಿವಿಯಷ್ಟು ಮೆತ್ತಗೆ. ಮಾಯವ್ವ ಪಾದ ಸರಿಸಿದಳು. ಅದರಡಿಯಲ್ಲಿ ರೂಪಾಯಿಯಗಲದ ಸುಟ್ಟ ಕಲೆ. ಗಾಜಿನಾಚೆ ಕಾಣದೆ ಹೋಯಿತೆಂದು ಕರೆಪ್ಪ ಕೂಗಿದ್ದ ಅದೇ ಕಲೆ.

"ಎಂದಿನಿಂದ ಇದರ ಮ್ಯಾಲ ಕುಂತಿ ಆಯಿ?"

"ಗುರುವಾರದಿಂದ. ನೀ ದಾಟಿ ದಾಟಿ ಹೋದಿ. ಇಂವ ಚಹಾ ಚೆಲ್ಲಿದ."

ಸಾತಪ್ಪ ಟೋಪಿ ತೆಗೆದು ಕಂಬಕ್ಕೆ ಒರಗಿದ.

"ಮಗಾ ಒಳಗದಾನ," ಎಂದಳು ದೀಪಾಲಿ. "ಒಂದ ಮಾತ ಹೇಳಿದ್ರ ಅವತ್ತ ಬಿಡತಿದ್ದೆ. ನಾ ಮೂರ ದಿನ ಹುಚ್ಚಿಯಂಗ ತಿರಗೇನಿ ಆಯಿ!"

"ಹೇಳಿದ್ರ ಕಂಬಳಿ ಮತ್ತ ಅವರ ಪೆಟ್ಟಿಗಿಗೆ ಹೋಗತಿತ್ತ." ಮಾಯವ್ವ ತಕಲಿಯನ್ನು ಮಡಿಲಲ್ಲಿಟ್ಟಳು. "ಗಾಜಿನಾಗ ಜೋಪಾನ ಇಡತೇವಿ ಅಂದ್ರು. ಮರದಿನ ನೋಡಿದ್ರ ಮಾಳಿಗಿ ಮ್ಯಾಲ ಹರವಿತ್ತ. ನಾಳಿ ಅದು ಯಾವ ಊರ ಸೇರತೈತೋ ಯಾರಿಗೆ ಗೊತ್ತ? ಅದಕ್ಕ ತಂದೆ. ನಾಳಿ ಮಂತ್ರಿ ಎದುರ, ಎಲ್ಲಾ ಮಂದಿ ಎದುರ, ಮಾಳದಾಗ ಇದನ್ನ ಹಾಸಿ ಹೊಲಿಗಿ ಬಿಚ್ಚೂದ ಅಂತ ಮಾಡೇನಿ. ನನ್ನ ಮಗಾ ನಾಕ ದಿನ ಒಳಗಿದ್ರ ಸಾಯೂದಿಲ್ಲ. ಮಾಳ ಹ್ವಾದ್ರ ಕುರಿ ಎಲ್ಲಿ ನಿಲ್ಲಬೇಕು? ಆ ನಲವತ್ತ ಅಂಗಡ್ಯಾಗ ಏನ?"

ಗುರುವಾರದಿಂದ ಮೊದಲ ಸಲ ದೀಪಾಲಿಗೆ ನಗು ಬಂತು. ಪೂರ್ತಿ ಬರಲಿಲ್ಲ, ಗಂಟಲ ತನಕ ಬಂತು. ಕಂಬಳಿ ಇದೆ. ಮೊಹರು ಒಡೆದವರು ಒಪ್ಪಿದ್ದಾರೆ. ಬರಹವೊಂದು ಕೈಗೆ ಬಂದರೆ ನಾಳೆ ಬೆಳಿಗ್ಗೆ ಎಂಟಕ್ಕೆ ಸಾಹೇಬರ ಟೇಬಲ್ಲಿನ ಮೇಲೆ ಅದೇ ಇರುತ್ತದೆ.

"ಸಾತಪ್ಪ, ಕೋಣಿ ಕೀಲಿ ತಗೀರಿ. ಆಯಿ, ಹೊಲಿಗಿ ಈಗನ ಬಿಚ್ಚು. ನಾಳಿ ತನಕ ನನಗ ತಡಿಯಾಕ ಆಗೂದಿಲ್ಲ."

ಮಾಯವ್ವ ರೊಟ್ಟಿಯ ಗಂಟಿನೊಳಗಿಂದ ಕುಡುಗೋಲು ತೆಗೆದಳು. ಆಮೇಲೆ ಎದ್ದು, ತಾನು ಇಷ್ಟು ದಿನ ಮೈಯಿಂದ ಒತ್ತಿ ಕಾಯ್ದಿದ್ದ ಮೂಲೆಯನ್ನು ಮಗುಚಿದಳು. ಅಂಗೈಯಗಲದ ಚೀಲ. "ನಮ್ಮ ಅತ್ತಿ ಹೊಲದದ್ದು," ಎಂದಳು. "ಅಂದಿನಿಂದ ಯಾರೂ ಬಿಚ್ಚಿಲ್ಲ."

ಕುಡುಗೋಲಿನ ಮೊನೆ ಹೊಲಿಗೆಗೆ ತಾಗುವ ಮೊದಲು ಅವಳ ಕೈ ತಡೆಯಿತು.

ಚೀಲದ ಮೂರು ಬದಿಯ ದಾರ ಮಾಸಿ, ಬೂದಿ ಬಣ್ಣಕ್ಕೆ ತಿರುಗಿತ್ತು. ನಾಲ್ಕನೆಯ ಬದಿಯದು ಕಡುಗಪ್ಪು. ನಿನ್ನೆ ನೂತಂತಿತ್ತು.

ಮುದುಕಿ ಅದನ್ನು ಕೊಯ್ದಳು. ಎರಡು ಬೆರಳು ಒಳಗೆ ಹಾಕಿದಳು. ಇನ್ನೂ ಆಳಕ್ಕೆ ಹಾಕಿದಳು. ಕೊನೆಗೆ ಚೀಲವನ್ನು ಒಳಗು ಹೊರಗು ಮಾಡಿ ಕೊಡವಿದಳು. ಒಂದು ಚಿಟಿಕೆ ಉಣ್ಣೆಯ ಧೂಳು ಉದುರಿತು.

ಅಷ್ಟೇ.

"ವಾಡೇದಾಗ ಬಿಚ್ಚ್ಯಾರ," ಎಂದಳು ದೀಪಾಲಿ. ಮೈಯೆಲ್ಲ ಮತ್ತೆ ಉರಿಯತೊಡಗಿತ್ತು. "ಸೋಮವಾರ ರಾತ್ರಿ ಇಲ್ಲಾ ಮಂಗಳವಾರ ಮುಂಜಾನಿ. ಕಾಕಾ ನನಗ ಅರ್ಧಾ ಅಷ್ಟ ಹೇಳ್ಯಾರ. ನಾ ಮತ್ತ ಹೋಗ್ತೇನಿ, ಮಡಿ ಇರಲಿ, ಮೌನ ಇರಲಿ..."

"ಕುಂಡ್ರು," ಎಂದಳು ಮಾಯವ್ವ.

ಅವಳ ಹೆಬ್ಬೆರಳು ಕತ್ತರಿಸಿದ ಕಪ್ಪು ದಾರದ ಮೇಲೆ ಮೆಲ್ಲಗೆ ಹೋಗಿ ಬಂತು. ಒಂದು ಹೊಲಿಗೆ, ಒಂದು ಗಂಟು. ಒಂದು ಹೊಲಿಗೆ, ಒಂದು ಗಂಟು.

"ಅವರಿಗೆ ಈ ಗಂಟ ಹಾಕಾಕ ಬರೂದಿಲ್ಲ ತಂಗಿ. ಇದು ನಮ್ಮ ಮನಿ ಹೊಲಿಗಿ. ನಾನ ಕಲಿಸಿದ್ದು."

"ಯಾರಿಗೆ?"

ಮಾಯವ್ವ ಠಾಣೆಯ ಒಳಗೆ ನೋಡಿದಳು. ಸಾತಪ್ಪ ಕೋಣೆಯ ಕೀಲಿ ತೆಗೆದು, ಸರಳಿನ ಬಾಗಿಲನ್ನು ಹಾರುಹೊಡೆದು ನಿಂತಿದ್ದ. ಕರೆಪ್ಪ ಹೊಸ್ತಿಲಿನ ಒಳಗೇ ನಿಂತಿದ್ದ. ಹೊರಗೆ ಹೆಜ್ಜೆ ಇಟ್ಟಿರಲಿಲ್ಲ. ಅವನ ಕಣ್ಣು ತಾಯಿಯ ಮೇಲಿರಲಿಲ್ಲ, ದೀಪಾಲಿಯ ಮೇಲಿರಲಿಲ್ಲ. ಮಗುಚಿದ ಮೂಲೆಯ ಮೇಲಿತ್ತು.

ಮಾಯವ್ವ ತನ್ನ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಸವರಿದಳು.

"ಬಾ ಮಗನ. ಕೀಲಿ ತಗದಾರ. ಬಂದ ಇಲ್ಲಿ ಕುಂಡ್ರು."

ಕರೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಕೈ ಚಾಚಿ ಸರಳಿನ ಬಾಗಿಲನ್ನು ಹಿಡಿದು, ತಾನೇ ಒಳಗಿನಿಂದ ಎಳೆದುಕೊಂಡ.

"ಅವ್ವಾ, ಹೊಡಿ, ಬೈಯಿ, ಕೋರ್ಟಿಗೆ ಕಳಸು," ಎಂದ. "ಅದರ ಮ್ಯಾಲ ಮಾತ್ರ ನನ್ನ ಕುಂಡ್ರಸಬ್ಯಾಡ."